ತಡಿಯಂಡಮೋಳ್‌ಗೆ ಚಳಿಗಾಲದಲ್ಲಿ ಹೊರಟಿದ್ದೀರಾ? ನೀರು ಜಾಸ್ತಿ ಇರಲಿ

ಜನವರಿಯ ಒಂದು ಭಾನುವಾರ ನಾನು, ನನ್ನ ತಮ್ಮ ತಡಿಯಂಡಮೋಳ್ ಹತ್ತಿ ಬಂದೆವು. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ, 1,748 ಮೀಟರ್. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಆರಾಮಾಗಿ ಇಳಿಯಬಹುದು. ಮೇಲೆ ಟೆಂಟ್ ಹಾಕಲು ಬಿಡುವುದಿಲ್ಲ.

ವಿರಾಜಪೇಟೆಯಿಂದ ಕಕ್ಕಬ್ಬೆ ಕಡೆ ಬನ್ನಿ. ನಡಿಗೆ ಶುರುವಾಗುವುದು ನಾಲ್ಕುನಾಡು ಅರಮನೆಯ ಹತ್ತಿರ. ಅರಮನೆ ಕಟ್ಟಿಸಿದ್ದು ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ, 1792ರ ಸುಮಾರಿಗೆ. ನೋಡಲೇಬೇಕು, ಆದರೆ ಇಳಿದು ಬಂದಮೇಲೆ ನೋಡಿ. ಬೆಳಗಿನ ಹೊತ್ತು ಬೆಟ್ಟಕ್ಕಿರಲಿ.

ನಾವು ಅಲ್ಲೇ ತಪ್ಪಿದ್ದು. ಮಂಜು ಕರಗಲಿ ಅಂತ ಕಾದು ಒಂಬತ್ತೂವರೆಗೆ ಹೊರಟೆವು. ಚಳಿ ಇತ್ತಲ್ವಾ, ಬಾಯಾರಿಕೆ ಆಗಲ್ಲ ಅಂದುಕೊಂಡು ಒಬ್ಬೊಬ್ಬರಿಗೆ ಒಂದೇ ಲೀಟರ್ ನೀರು. ತೋಟದ ನೆರಳು ಮುಗಿದು ಚೆಕ್‌ಪೋಸ್ಟ್ ದಾಟಿದ ಮೇಲೆ ಹೆಚ್ಚು ಕಡೆ ಬರೀ ಹುಲ್ಲುಗುಡ್ಡ. ಗಾಳಿ ತಣ್ಣಗಿರುತ್ತದೆ, ಅದಕ್ಕೇ ಬಿಸಿಲು ಸುಡುವುದು ಗೊತ್ತಾಗುವುದಿಲ್ಲ. ದೊಡ್ಡ ಬಂಡೆ ಸಿಗುವ ಹೊತ್ತಿಗೆ ತಮ್ಮನ ತುಟಿ ಒಣಗಿ ಬಿರಿದಿತ್ತು, ಬಾಟಲಿಯಲ್ಲಿ ಎರಡು ಗುಟುಕು. ಮಳೆಗಾಲದಲ್ಲಿ ತುಂಬಿ ಹರಿಯುವ ತೊರೆಗಳು ಜನವರಿಗೆ ಸೊರಗಿರುತ್ತವೆ, ಅವನ್ನು ನಂಬಬೇಡಿ. ಒಬ್ಬರಿಗೆ ಮೂರು ಲೀಟರ್ ಇರಲಿ. ಕಿತ್ತಳೆಯ ಕಾಲ, ನಾಲ್ಕು ಹಣ್ಣೂ ಚೀಲಕ್ಕೆ ಹಾಕಿ.

ಆಮೇಲೆ ಬರುವುದು ಶೋಲಾ ಕಾಡು, ಅಂದರೆ ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡು. ಒಳಗೆ ಕಾಲಿಟ್ಟರೆ ಕತ್ತಲು, ತಂಪು. ಕಲ್ಲಿನ ಮೇಲೆ ಹಸಿ ಪಾಚಿ. ಏರು ಇಲ್ಲೇ ಕಡಿದಾಗಿದೆ. ನಾನಂತೂ ಬೇರುಗಳನ್ನು ಹಿಡಿದೇ ಹತ್ತಿದೆ. ಅವಸರ ಮಾಡಬೇಡಿ. ಕಾಡಿನಿಂದ ಹೊರಬಂದರೆ ತುದಿ ದೂರವಿಲ್ಲ. ಸುತ್ತಲೂ ಒಂದರ ಹಿಂದೆ ಒಂದು ನೀಲಿ ಬೆಟ್ಟ, ಪಶ್ಚಿಮಕ್ಕೆ ಕೇರಳದ ಕಡೆಯ ತಗ್ಗು. ನಾವು ಅರ್ಧ ಗಂಟೆ ಮಾತೇ ಆಡಲಿಲ್ಲ.

ಇಳಿಯುವಾಗ ಮಂಡಿ ಜೋಪಾನ. ಒಣ ಮಣ್ಣಿನ ಮೇಲೆ ಸಣ್ಣ ಕಲ್ಲು ಉರುಳುತ್ತವೆ, ಹಿಡಿತ ಇರುವ ಶೂ ಬೇಕೇ ಬೇಕು. ಚಳಿಗಾಲದಲ್ಲಿ ಜಿಗಣೆ ಕಾಟ ಇಲ್ಲ, ಅದೊಂದು ನೆಮ್ಮದಿ.

ಫೆಬ್ರವರಿ ನಂತರ ಹೋಗುವವರು ದಾರಿ ತೆರೆದಿದೆಯಾ ಅಂತ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಹುಲ್ಲು ಒಣಗಿದಾಗ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ದಯವಿಟ್ಟು ಬೆಂಕಿಪೊಟ್ಟಣ, ಸಿಗರೇಟು ಕೆಳಗೇ ಬಿಟ್ಟು ಹತ್ತಿ.