ಮಗು ಮರೆತಿದೆಯಲ್ಲ, ಮತ್ತೆ ಯಾಕೆ ಕೆದಕ್ತೀರಿ?

ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗೆ ಥೆರಪಿ ಅಂದ ಕೂಡಲೇ ಬರುವ ಪ್ರಶ್ನೆ ಇದು. "ಆರಾಮಾಗಿ ಆಡ್ಕೊಂಡಿದೆ, ಬಿಟ್ಬಿಡಿ" ಅಂತ ಸಲಹೆಯೂ ಸೇರಿರುತ್ತದೆ.

ಮಗು ಮರೆತಿದೆ ಅಂತ ನಿಮಗೆ ಹೇಳಿದವರು ಯಾರು? ಬಹಳ ಸಲ ಅದು ಸುಮ್ಮನಿರುವುದು, ಬಾಯಿಬಿಟ್ಟರೆ ಅಮ್ಮ ಅಳುತ್ತಾಳೆ, ಅಪ್ಪ ಕೂಗಾಡುತ್ತಾನೆ ಅಂತ ಗೊತ್ತಾಗಿರುವುದರಿಂದ. ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗಿದೆಯೇ? ಡಾಕ್ಟರಿಗೂ ಕಾರಣ ಸಿಗದ ಹೊಟ್ಟೆನೋವು ಇದೆಯೇ? ಆ ಆಟವನ್ನೇ ಹತ್ತು ನಿಮಿಷ ಕೂತು ನೋಡಿ. ಅದೇ ಗೊಂಬೆ ಅದೇ ಮಂಚದ ಕೆಳಗೆ ಅಡಗುತ್ತದೆ, ಮತ್ತೆ ಅಡಗುತ್ತದೆ. ಮುಖದಲ್ಲಿ ಖುಷಿಯಿಲ್ಲ, ಆಟಕ್ಕೆ ಬೇರೆ ಕೊನೆಯೂ ಇಲ್ಲ.

ಇನ್ನು ಕೆದಕುವ ಮಾತು. ಮೊದಲ ದಿನವೇ "ಏನಾಯ್ತು ಹೇಳು" ಅನ್ನುವುದು ಥೆರಪಿಯಲ್ಲ. ಅಮೆರಿಕದ ತಜ್ಞರಾದ ಜೂಡಿತ್ ಕೋಹೆನ್, ಆಂಥನಿ ಮನ್ನರಿನೊ, ಎಸ್ತರ್ ಡೆಬ್ಲಿಂಜರ್ ರೂಪಿಸಿದ, ಆಘಾತಕ್ಕೆ ಒಳಗಾದ ಮಕ್ಕಳ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಟಿಎಫ್-ಸಿಬಿಟಿ ಎಂಬ ಥೆರಪಿ ಪದ್ಧತಿಯಲ್ಲಿ ಸಾಮಾನ್ಯವಾಗಿ 12ರಿಂದ 16 ಭೇಟಿಗಳು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಬರೀ ತಯಾರಿಗೇ ಹೋಗುತ್ತದೆ. ಮಗು ಅಂಗಾತ ಮಲಗಿ ಹೊಟ್ಟೆಯ ಮೇಲೆ ಪುಟ್ಟ ಗೊಂಬೆ ಇಟ್ಟುಕೊಳ್ಳುತ್ತದೆ. ಗೊಂಬೆ ಬೀಳದ ಹಾಗೆ ಅದನ್ನು ಉಸಿರಿನಿಂದಲೇ ಮೇಲೆತ್ತಬೇಕು, ಎಳೆದದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಬೇಕು. ಭಯ ಎಷ್ಟಿದೆ ಅಂತ 0ಯಿಂದ 10ರವರೆಗೆ ಅಂಕ ಕೊಡಲು ಕಲಿಯುತ್ತದೆ. ಆಮೇಲೆ ನಡೆದದ್ದನ್ನು ಪುಸ್ತಕದ ಹಾಗೆ ಅಧ್ಯಾಯ ಮಾಡಿ ಬರೆಯುವುದು. ಮೊದಲ ಅಧ್ಯಾಯ ಮಗುವಿನ ಇಷ್ಟದ ಬಣ್ಣ, ಗೆಳೆಯರು, ಶಾಲೆ. ಕಷ್ಟದ ಪುಟ ಬಂದಾಗ ಅಂಕ ಏರಿದರೆ ನಿಲ್ಲಿಸಿ, ಉಸಿರಾಟಕ್ಕೆ ಮರಳಿ, ಮತ್ತೆ ಓದುತ್ತಾರೆ. ಓದುತ್ತಾ ಹೋದಂತೆ ಅಂಕ ಇಳಿಯುತ್ತದೆ. "ನಾನು ಕೂಗಲಿಲ್ಲ, ಅದಕ್ಕೇ ತಪ್ಪು ನಂದು" ಅನ್ನುವ ಸಾಲು ಇಂಥ ಪುಟದಲ್ಲೇ ಸಿಗುವುದು. ಹೊರಗೆ ಬಾರದ ಸಾಲನ್ನು ತಿದ್ದುವುದು ಹೇಗೆ?

ಒಂದು ಷರತ್ತಿದೆ. ಹಿಂಸೆ ಕೊಟ್ಟವರು ಇನ್ನೂ ಅದೇ ಮನೆಯಲ್ಲಿದ್ದರೆ ಬರೆಯುವ ಕೆಲಸಕ್ಕೆ ಕೈ ಹಾಕಬಾರದು. ಮೊದಲು ಮಗುವನ್ನು ಕಾಪಾಡಬೇಕು. ಹಿಂಸೆ ಇನ್ನೂ ನಡೆಯುತ್ತಿರುವಾಗ ಮಗುವಿಗೆ ಧೈರ್ಯ ಕಲಿಸುವುದು ಕ್ರೌರ್ಯ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ: ಇದನ್ನೆಲ್ಲ ಕೇಳಿಸಿಕೊಳ್ಳಲು ನಾವು ತಯಾರಾಗುವುದು ಹೇಗೆ? ಯಾಕೆಂದರೆ ಕೊನೆಗೆ ಆ ಪುಸ್ತಕವನ್ನು ಮಗು ನಿಮಗೇ ಓದಿ ಹೇಳಬಹುದು. ಅದಕ್ಕೂ ಮುಂಚೆ ಥೆರಪಿಸ್ಟ್ ನಿಮ್ಮೊಬ್ಬರಿಗೇ ಓದಿ ತೋರಿಸುತ್ತಾರೆ. ನಿಮ್ಮ ಅಳು, ಸಿಟ್ಟು ಅಲ್ಲಿ ಹೊರಬರಲಿ, ಬೇಕಿದ್ದರೆ ಎರಡು ಮೂರು ಭೇಟಿ ಹಿಡಿಯಲಿ. ಈ ಹೆಜ್ಜೆ ಹಾರಿಸಿದಾಗ ಮಗು ಅರ್ಧದಲ್ಲಿ ಪುಸ್ತಕ ಮುಚ್ಚಿ ಅಮ್ಮನನ್ನು ಸಮಾಧಾನ ಮಾಡಲು ಕೂರುತ್ತದೆ.

ಮನೆಗೆ ಬಂದ ಮೇಲೆ "ಇವತ್ತು ಏನು ಹೇಳಿದೆ?" ಅಂತ ವಿಚಾರಣೆ ಬೇಡ. ಮಗು ತಾನಾಗಿ ಹೇಳಿದರೆ ಕೈಲಿರುವ ಕೆಲಸ ಬಿಟ್ಟು ಕೂತು ಕೇಳಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ" ಅನ್ನಿ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಮಾತು ಕೊಡಬೇಡಿ, ಅದನ್ನು ಮುರಿಯಲೇಬೇಕಾಗಿ ಬರಬಹುದು.