ತಲೆ ಬಾಚುವ ಟೀಚರಮ್ಮ

"ನಮ್ಮಮ್ಮನಿಗೆ ಓದು ಕಲಿಸಿದ್ದು ತಲೆ ಬಾಚುವವಳು, ಪುಟ್ಟಿ."

ಶನಿವಾರದಿಂದ ಈ ಮಾತು ತಲೆ ಬಿಟ್ಟು ಹೋಗ್ತಾ ಇಲ್ಲ. ಹೇಳಿದವರು ಎಪ್ಪತ್ತೈದು ದಾಟಿದ ಒಬ್ಬ ಕಪ್ಪು ಅಜ್ಜಿ. ಕೇಳಿಸಿಕೊಂಡವಳು ನನ್ನ ಮಗಳು. ಜಾಗ, ಇಲ್ಲೇ ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನ ನಮ್ಮ ಲೈಬ್ರರಿ. ಫೆಬ್ರವರಿ ಬಂತು ಅಂದರೆ ಅಮೆರಿಕದ ಎಷ್ಟೋ ಊರುಗಳಲ್ಲಿ ಕಪ್ಪು ಲೇಖಕರ ಪುಸ್ತಕಗಳನ್ನು ಗಟ್ಟಿಯಾಗಿ ಓದುವ ಕೂಟಗಳು ನಡೆಯುತ್ತವೆ. 1990ರಲ್ಲಿ ಇಂಗ್ಲಿಷ್ ಮೇಷ್ಟ್ರುಗಳ ಸಂಘದ ಕಪ್ಪು ಸದಸ್ಯರು ಶುರು ಮಾಡಿದ್ದು. ನಮ್ಮಲ್ಲಿ ಯಾರು ಬೇಕಾದರೂ ಮೈಕ್ ಹಿಡಿದು ಒಂದೆರಡು ಪುಟ ಓದಬಹುದು, ಅಷ್ಟೇ.

ಗೋಡೆ ಮೇಲೆ ಟೋನಿ ಮಾರಿಸನ್, ಮಾಯಾ ಏಂಜಲೋ, ಬಾಲ್ಡ್‌ವಿನ್ ಫೋಟೋಗಳು. ಪ್ರತಿ ಫೋಟೋ ಕೆಳಗೆ ಒಂದೊಂದು ಚೆಂದದ ವಾಕ್ಯ. ಈ ಫೋಟೋ ಪೂಜೆ ನನಗೆ ಅಷ್ಟಕ್ಕಷ್ಟೇ. ದೊಡ್ಡವರನ್ನು ಗೋಡೆಗೆ ಏರಿಸಿಬಿಟ್ಟರೆ ಆಮೇಲೆ ಓದುವ ಕೆಲಸ ಉಳಿಯಲ್ಲ ನೋಡಿ. ಮೊದಲು ಬಂದ ಕಾಲೇಜು ಹುಡುಗ ಕವಿತೆ ಓದೋ ಬದಲು ನಾಟಕ ಆಡಿದ. ಚಪ್ಪಾಳೆ ಜೋರಾಗಿಯೇ ಬಿತ್ತು.

ಆಮೇಲೆ ಈ ಅಜ್ಜಿ ಬಂದರು. ಕೈಯಲ್ಲಿ ಇದೇ ಊರಿನ ಕಪ್ಪು ಟೀಚರ್ ಸೆಪ್ಟಿಮಾ ಕ್ಲಾರ್ಕ್ 1962ರಲ್ಲಿ ಬರೆದ ಆತ್ಮಕಥೆ, 'ಎಕೋ ಇನ್ ಮೈ ಸೋಲ್'. ಸಲೀಸಾಗಿ ಓದುತ್ತಿದ್ದರು. ಆದರೂ ತೋರುಬೆರಳು ಸಾಲಿನ ಕೆಳಗೇ ಹರಿದಾಡುತ್ತಿತ್ತು. ಸಾಲು ಮುಗಿದಾಗ ಬೆರಳು ಒಂದು ಕ್ಷಣ ನಿಲ್ಲೋದು, ಮತ್ತೆ ಎಡಕ್ಕೆ ಬರೋದು. ಮುಗಿಸಿ ಬಂದು ನಮ್ಮ ಪಕ್ಕದ ಕುರ್ಚಿಯಲ್ಲೇ ಕೂತರು. "ನಿಂಗೆ ಓದೋದಕ್ಕೆ ಯಾರು ಕಲಿಸಿದ್ದು?" ಅಂತ ಮಗಳನ್ನು ಕೇಳಿದರು. "ಯಾರೂ ಇಲ್ಲ, ಐಪ್ಯಾಡ್‌ನಲ್ಲಿ ನಾನೇ ಕಲಿತೆ" ಅಂದಳು ಇವಳು. ಅಜ್ಜಿ ಮೈಕುಲುಕಿಸಿ ನಕ್ಕರು. ಆಗ ಬಂದಿದ್ದು ಆ ಮಾತು. ಮಗಳಿಗೂ ನಗು. "ಪಾರ್ಲರ್ ಆಂಟೀನಾ?" ಅಂತ ನನ್ನ ಕಿವಿಯಲ್ಲಿ ಕೇಳಿದಳು.

ಹೌದು, ಪಾರ್ಲರ್ ಆಂಟೀನೇ. ಹೆಸರು ಬರ್ನೀಸ್ ರಾಬಿನ್ಸನ್. ಸೆಪ್ಟಿಮಾ ಕ್ಲಾರ್ಕ್‌ಗೆ ಸಂಬಂಧಿ.

ಸೆಪ್ಟಿಮಾ ಹುಟ್ಟಿದ್ದು ಇದೇ ಊರಲ್ಲಿ, 1898ರಲ್ಲಿ. ಅಪ್ಪ ಗುಲಾಮಗಿರಿಯಲ್ಲೇ ಹುಟ್ಟಿದವರು. ಈ ರಾಜ್ಯದಲ್ಲಿ ಗುಲಾಮರಿಗೆ ಬರೆಯೋದು ಕಲಿಸಿದರೆ ನೂರು ಪೌಂಡ್ ದಂಡ ಅಂತ 1740ರಲ್ಲೇ ಕಾನೂನು ಮಾಡಿದ್ದರು. 1834ರಲ್ಲಿ ಓದು ಕಲಿಸೋದಕ್ಕೂ ನಿಷೇಧ ಬಂತು. ಕಾನೂನು ಹೋದ ಮೇಲೂ ಬುದ್ಧಿ ಹೋಗಲಿಲ್ಲ. ಸೆಪ್ಟಿಮಾ ಟೀಚರ್ ಆದಾಗ ಚಾರ್ಲ್ಸ್‌ಟನ್‌ನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಟೀಚರ್‌ಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ 1916ರಲ್ಲಿ ಪಕ್ಕದ ಜಾನ್ಸ್ ಐಲ್ಯಾಂಡ್ ದ್ವೀಪಕ್ಕೆ ಹೋಗಿ ಪಾಠ ಮಾಡಿದರು. 1956ರಲ್ಲಿ ಸರ್ಕಾರಿ ನೌಕರರು ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಸದಸ್ಯರಾಗಿರಬಾರದು ಅಂತ ಹೊಸ ಕಾನೂನು. ಈಯಮ್ಮ ಸದಸ್ಯತ್ವ ಬಿಡಲಿಲ್ಲ. ನಲವತ್ತು ವರ್ಷದ ಸರ್ವಿಸು, ಕೆಲಸ ಹೋಯಿತು, ಪೆನ್ಷನ್ನೂ ಹೋಯಿತು.

ಮರುವರ್ಷ ಜನವರಿಯಲ್ಲಿ ಅದೇ ಜಾನ್ಸ್ ಐಲ್ಯಾಂಡ್‌ನಲ್ಲಿ ದೊಡ್ಡವರಿಗೆ ರಾತ್ರಿ ಶಾಲೆ ಶುರುವಾಯಿತು. ಮುಂದೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ. ಬಿಳಿಯರ ಕಣ್ಣಿಗೆ ಬೀಳಬಾರದಲ್ಲ. ಆಗ ಇಲ್ಲಿ ವೋಟಿಗೆ ಹೆಸರು ಬರೆಸಬೇಕು ಅಂದರೆ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಇಲ್ಲವೇ ಮುನ್ನೂರು ಡಾಲರ್ ಬೆಲೆಯ ಆಸ್ತಿ ಇರಬೇಕಿತ್ತು. ದ್ವೀಪದ ಕೂಲಿಕಾರರನ್ನು ತನ್ನ ಬಸ್ಸಿನಲ್ಲಿ ಊರಿಗೆ ಕರೆದೊಯ್ಯುತ್ತಿದ್ದ ಈಸಾ ಜೆಂಕಿನ್ಸ್, ದಾರಿಯುದ್ದಕ್ಕೂ ಆ ಸಂವಿಧಾನವನ್ನೇ ಬಾಯಿಪಾಠ ಮಾಡಿಸುತ್ತಿದ್ದ. ಬಾಯಿಪಾಠ ಸಾಲದು, ಓದೋದೇ ಕಲಿಸಿ ಅಂತ ಕೇಳಿದ್ದು ಅವನ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು.

ಪಾಠಕ್ಕೆ ತರಬೇತಾದ ಟೀಚರನ್ನು ಸೆಪ್ಟಿಮಾ ಬೇಕಂತಲೇ ಆರಿಸಲಿಲ್ಲ, ತಲೆ ಬಾಚುವ ಬರ್ನೀಸ್ ಅವರನ್ನು ಆರಿಸಿದರು. ಈ ಬುದ್ಧಿವಂತಿಕೆಗೆ ನಾನು ಸೋತೆ. ಕಪ್ಪು ಬ್ಯೂಟಿಷಿಯನ್‌ಗೆ ಬರುವ ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ. ಅವಳ ಅನ್ನ ಬಿಳಿಯರ ಕೈಯಲ್ಲಿಲ್ಲ. ಅವಳನ್ನು ಕೆಲಸದಿಂದ ತೆಗೆಯೋದು ಯಾರು? ಅದೂ ಅಲ್ಲದೆ ಅವಳಿಗೆ ಕೂತು ಮಾತು ಕೇಳಿಸಿಕೊಂಡು ಅಭ್ಯಾಸ. ಬರ್ನೀಸ್ ಮೊದಲು ಕೇಳಿದ್ದು ನಿಮಗೆ ಏನು ಕಲಿಯಬೇಕು ಅಂತ. ಹೆಸರು ಬರೆಯಬೇಕು ಅಂದರು. ಬೈಬಲ್ ಓದಬೇಕು. ಮನಿಯಾರ್ಡರ್ ಫಾರಂ ತುಂಬಬೇಕು. ಅಲ್ಲಿಂದಲೇ ಪಾಠ ಶುರು. ಹೆಸರನ್ನು ರಟ್ಟಿನ ಮೇಲೆ ಬರೆದುಕೊಟ್ಟು, ಅದರ ಮೇಲೇ ಮತ್ತೆ ಮತ್ತೆ ತಿದ್ದಿಸುತ್ತಿದ್ದರಂತೆ. ನಮ್ಮಲ್ಲಿ ಅಕ್ಕಿ ಮೇಲೆ ತಿದ್ದಿಸಿದ ಹಾಗೆ.

ಲೈಬ್ರರಿಯಲ್ಲಿ ಸಿಕ್ಕ ಆ ಅಜ್ಜಿಯ ತಾಯಿ ಬರ್ನೀಸ್ ಅವರ ಅಂಥದೇ ಒಂದು ಚಳಿಗಾಲದ ತರಗತಿಯಲ್ಲಿ ಕೂತವರು. ಗದ್ದೆ ಕೆಲಸ ಕಡಿಮೆ ಇರುವ ತಿಂಗಳುಗಳಲ್ಲೇ ಪಾಠ. ಜೊತೆಗೆ ಹೋದ ಹುಡುಗಿ ಇವರು, ಅಮ್ಮನ ಬೆರಳನ್ನೇ ನೋಡುತ್ತಾ ಕೂತಿರುತ್ತಿದ್ದರಂತೆ. ಆ ಬೆರಳಿನ ಓಟ ಎಲ್ಲಿಂದ ಬಂತು ಅಂತ ನನಗೆ ಬೇರೆ ಹೇಳಬೇಕಿರಲಿಲ್ಲ.

ಕಪ್ಪು ಲೇಖಕರ ಕೊಡುಗೆ ಅಂತ ಭಾಷಣ ಮಾಡುವವರು ಪ್ರಶಸ್ತಿಗಳ ಪಟ್ಟಿ ಓದುತ್ತಾರೆ. ಆ ಲೇಖಕರಿಗೆ ಬರೆದರೆ ಮಾತ್ರ ಸಾಲುತ್ತಿರಲಿಲ್ಲ ಅನ್ನೋದು ಆ ಪಟ್ಟಿಯಲ್ಲಿ ಬರಲ್ಲ. ಓದುವವರನ್ನೂ ತಾವೇ ತಯಾರು ಮಾಡಬೇಕಿತ್ತು. ಫ್ರೆಡರಿಕ್ ಡಗ್ಲಸ್ ಬಾಲ್ಟಿಮೋರ್ ಬೀದಿಯಲ್ಲಿ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಅಕ್ಷರ ಕಲಿತರು. ಕಲಿತದ್ದನ್ನು ಜೇಬಲ್ಲಿ ಇಟ್ಟುಕೊಳ್ಳದೆ, ತಾವಿನ್ನೂ ಗುಲಾಮರಾಗಿರುವಾಗಲೇ ಜೊತೆಯವರಿಗೆ ಗುಟ್ಟಾಗಿ ಶಾಲೆ ನಡೆಸಿದರು. 1845ರ ಆತ್ಮಕಥೆ ಬಂದಿದ್ದು ಅದೆಲ್ಲ ಆದಮೇಲೆ. ಗ್ವೆಂಡೊಲಿನ್ ಬ್ರೂಕ್ಸ್ ಪುಲಿಟ್ಜರ್ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಕವಿ, 1950ರಲ್ಲಿ. ಅವರು ಇಲಿನಾಯ್ ರಾಜ್ಯದ ಆಸ್ಥಾನ ಕವಿಯಾದ ಮೇಲೆ ಶಾಲೆ ಮಕ್ಕಳ ಕವಿತೆಗಳಿಗೆ ಕೈಯಿಂದ ದುಡ್ಡು ಹಾಕಿ ಬಹುಮಾನ ಕೊಡುತ್ತಿದ್ದರು. ಮಾರಿಸನ್ ಕೂಡ ಎಷ್ಟೋ ವರ್ಷ ಪ್ರಕಾಶನ ಸಂಸ್ಥೆಯಲ್ಲಿ ಕೂತು ಬೇರೆಯವರ ಪುಸ್ತಕ ತಿದ್ದಿದವರೇ. ನನಗೆ ಆ ಮಾರಿಸನ್ ಜಾಸ್ತಿ ಇಷ್ಟ, ಫೋಟೋದಲ್ಲಿರುವವರಿಗಿಂತ.

ಸೆಪ್ಟಿಮಾ ಹೆಸರಲ್ಲಿ ಈ ಊರಲ್ಲಿ ಒಂದು ದೊಡ್ಡ ರಸ್ತೆಯೇ ಇದೆ. ಕಪ್ಪು ಜನರ ಬಡಾವಣೆಯನ್ನು ಸೀಳಿಕೊಂಡು ಹೋದ ರಸ್ತೆಗೆ ಅವರ ಹೆಸರು ಇಟ್ಟಿದ್ದಾರೆ! ಎಲ್ಲರೂ ಕರೆಯೋದು ಕ್ರಾಸ್‌ಟೌನ್ ಅಂತಲೇ. ಜೋರು ಮಳೆ ಬಂದರೆ ನೀರು ನಿಲ್ಲುತ್ತದೆ, ಎಲ್ಲರೂ ಬೈಯುತ್ತಾರೆ.

ಭಾನುವಾರ ಇದನ್ನೆಲ್ಲ ಗೆಳತಿಗೆ ಫೋನಲ್ಲಿ ಹೇಳಿದೆ. ಇಲ್ಲಿನ ಕನ್ನಡದವಳೇ, ಒಳ್ಳೆಯವಳು, ಕಷ್ಟಕ್ಕೆ ಮೊದಲು ಓಡಿಬರುವವಳು. ಆದರೆ ಮಕ್ಕಳ ವಿಷಯ ಬಂದರೆ ಅವಳಿಗೆ ಕಪ್ ಬಿಟ್ಟು ಬೇರೇನೂ ಕಾಣಲ್ಲ. "ಅದು ಅವರ ಪ್ರೋಗ್ರಾಂ ಕಣೇ, ನಮಗೂ ಅದಕ್ಕೂ ಏನು ಸಂಬಂಧ? ಆ ಟೈಮಿಗೆ ಸ್ಪೆಲ್ಲಿಂಗ್ ಕ್ಲಾಸಿಗೆ ಕಳಿಸಬಹುದಿತ್ತು" ಅಂದಳು.

ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಜ್ಯೋತಿಬಾ ಫುಲೆ 1873ರಲ್ಲೇ 'ಗುಲಾಮಗಿರಿ' ಪುಸ್ತಕವನ್ನು ಗುಲಾಮರನ್ನು ಬಿಡಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು ಕಣೇ ಅಂದೆ. ಅಷ್ಟು ಹಿಂದಿನದು ಬೇಡ ಅಂದರೆ, ನಿನ್ನ ಗಂಡನ ವೀಸಾನೇ ತಗೋ. ಅಂಗಡಿಯ ಹಿಂದಿನ ಕೋಣೆಯಲ್ಲಿ ಶುರುವಾದ ಆ ಶಾಲೆಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿದವು. 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂತು, ಆ ಓದಿನ ಪರೀಕ್ಷೆಗೆ ತಡೆ ಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ವಲಸೆ ಕಾಯಿದೆ ಬದಲಾಯಿತು. ಅಲ್ಲೀವರೆಗೆ ಇಂಡಿಯಾಕ್ಕೆ ಇದ್ದ ಕೋಟಾ ವರ್ಷಕ್ಕೆ ನೂರು ಜನ. ಬಣ್ಣ ನೋಡಿ ಬಾಗಿಲು ಹಾಕುವುದು ತಪ್ಪು ಅಂತ ಬೀದಿಗೆ ಇಳಿದು ಹೊಡೆತ ತಿಂದವರು ಯಾರು? ಆ ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ಒಳಗೆ ಬಂದವರು ಯಾರು?

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಂಗೆ ಈ 1965 ಎಲ್ಲ ಗೊತ್ತಿರಲಿಲ್ಲ ಬಿಡು" ಅಂದಳು ಕೊನೆಗೆ. ಆಮೇಲೆ, "ಮುಂದಿನ ವರ್ಷ ಹೋಗೋಣ. ಓದಿದ ಮಕ್ಕಳಿಗೆ ಸರ್ಟಿಫಿಕೇಟ್ ಏನಾದ್ರೂ ಕೊಡ್ತಾರಾ?"