ಗದ್ದೆ ಬಿಟ್ಟವರ ಮಾತು, ಮನೆ ಸಿಕ್ಕವರ ಮಾತು

ಲಂಡನ್ನಿನ ಕಿಂಗ್ಸ್ ಕ್ರಾಸಿನಲ್ಲಿ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಸ್ಟೀವನೇಜ್ ಬರುತ್ತದೆ. ನಮ್ಮ ಸಂಸಾರ ಈಗ ಇರುವುದು ಇಲ್ಲೇ. ಪ್ರವಾಸಿಗರು ಹುಡುಕಿಕೊಂಡು ಬರುವ ಊರಲ್ಲ. ಆದರೂ ಮೊನ್ನೆ ಇಲ್ಲಿನ ಮ್ಯೂಸಿಯಂನಲ್ಲಿ ಈ ಊರು ಬೆಳೆದ ಕಥೆ ನೋಡಿದ ಮೇಲೆ ನಮ್ಮ ಮಂಗಳೂರಿನ ಪಣಂಬೂರು, ಕಾಟಿಪಳ್ಳದ ಕಡೆಯವರಿಗೆ ಬರೆಯಲೇಬೇಕು ಅನಿಸಿತು.

ಎರಡನೇ ಮಹಾಯುದ್ಧದ ಬಾಂಬಿಗೆ ಲಂಡನ್ನಿನಲ್ಲಿ ಎಷ್ಟೋ ಮನೆಗಳು ನೆಲಸಮವಾಗಿದ್ದವು. ಇದ್ದ ಮನೆಗಳಲ್ಲಿ ಜನ ಕಿಕ್ಕಿರಿದಿದ್ದರು. ಅವರಿಗಾಗಿ ಹೊರಗೆ ಹೊಸ ಪಟ್ಟಣಗಳನ್ನೇ ಕಟ್ಟಲು ಸರ್ಕಾರ ಹೊರಟಿತು. 1946ರ ನವೆಂಬರಿನಲ್ಲಿ ಮೊದಲು ಆರಿಸಿದ್ದು ಸ್ಟೀವನೇಜನ್ನು. ಆಗ ಇದು ಆರೇಳು ಸಾವಿರ ಜನರ ಸಣ್ಣ ಪೇಟೆ, ಸುತ್ತ ಹೊಲ. ಇಲ್ಲಿ 60,000 ಜನರಿಗೆ ಜಾಗ ಮಾಡಬೇಕಿತ್ತು.

ಊರವರು ಸುಮ್ಮನೆ ಒಪ್ಪಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಊರು ಯೋಜನೆಯ ಮಂತ್ರಿ ಲೂಯಿಸ್ ಸಿಲ್ಕಿನ್ ಸಭೆಗೆ ಬಂದಾಗ ಜನ ಕೂಗಾಡಿದರು. ನೀವು ಎಷ್ಟು ಗೇಲಿ ಮಾಡಿದರೂ ಇದು ಆಗಿಯೇ ಆಗುತ್ತದೆ ಎಂದರಂತೆ ಮಂತ್ರಿ. ಅವರ ಕಾರಿನ ಟಯರಿನ ಗಾಳಿ ತೆಗೆದು, ಪೆಟ್ರೋಲ್ ಟ್ಯಾಂಕಿಗೆ ಮರಳು ಹಾಕಿದ್ದರು! ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಊರಿನ ಹೆಸರಿನ ಜಾಗಕ್ಕೆ, ರಷ್ಯಾದ ಸ್ಟಾಲಿನ್‌ಗ್ರಾಡ್ ಹೆಸರಿನ ಧಾಟಿಯಲ್ಲಿ ಗೇಲಿಗೆ, 'ಸಿಲ್ಕಿನ್‌ಗ್ರಾಡ್' ಬಂತು. ಕೇಸು ಆಗಿನ ಅತಿ ದೊಡ್ಡ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಊರವರು ಸೋತರು.

ನನಗೆ ಹಿಡಿಸಿದ್ದು, ಈ ಸೋತವರ ಕಥೆಯನ್ನೂ ಇವರು ಎತ್ತಿಟ್ಟಿದ್ದಾರೆ. ಅದರ ಜೊತೆಗೇ ಲಂಡನ್ನಿನಿಂದ ಬಂದವರ ಕಥೆಯೂ ಇದೆ. ಕಟ್ಟಡ ಕೆಲಸಕ್ಕೆ ಬಂದರೆ ಬಾಡಿಗೆಗೆ ಮನೆ ಸಿಗುತ್ತದೆ ಎಂದು ಎಷ್ಟೋ ಮೇಸ್ತ್ರಿ, ಬಡಗಿಗಳು ಬಂದರು. ರಸ್ತೆ ಇನ್ನೂ ಆಗಿರಲಿಲ್ಲ. ಕೆಸರಿನಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಹೋದ ಹೆಂಗಸರಿಗೆ ಮನೆಯೊಳಗೇ ಬಚ್ಚಲು ಇದೆ ಎನ್ನುವುದೇ ದೊಡ್ಡ ಸಂತೋಷ. 1959ರಲ್ಲಿ ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದ ಪೇಟೆಯೊಳಗೆ ವಾಹನಗಳಿಗೆ ಜಾಗವೇ ಇಲ್ಲ, ನಡೆದೇ ಹೋಗಬೇಕು. ಸೈಕಲ್ಲಿಗೆ ಬೇರೆ ದಾರಿ, ದೊಡ್ಡ ರಸ್ತೆ ಬಂದಲ್ಲಿ ಅದರ ಅಡಿಯಿಂದ. ನನ್ನ ಮಗಳು ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತಾಳೆ.

ನಮ್ಮಲ್ಲೂ ಹೀಗೇ ಆಗಿದೆ ಅಲ್ವಾ? 1962ರಲ್ಲಿ ಪಣಂಬೂರಿನಲ್ಲಿ ಬಂದರಿನ ಕೆಲಸ ಶುರುವಾಯಿತು. ಅಲ್ಲಿನ ಹಡಗುಗಳು ನಿಲ್ಲುವ ಜಾಗ ಸಮುದ್ರದಲ್ಲಿಲ್ಲ, ನೆಲವನ್ನೇ ಅಗೆದು ಮಾಡಿದ್ದು. ಅಲ್ಲಿದ್ದವರನ್ನು ಕಾಟಿಪಳ್ಳ, ಕೃಷ್ಣಾಪುರದ ಗುಡ್ಡಕ್ಕೆ ಕಳಿಸಿದರು. ನಮ್ಮ ಅಜ್ಜಿಯ ಮನೆಯೂ ಹಾಗೇ ಹೋಯಿತು.

ಅಜ್ಜಿ ಹೇಳುತ್ತಾರೆ, ಹೊರಡುವ ದಿನ ಪಾತ್ರೆ ಪಗಡಿಗಿಂತ ಮೊದಲು ಗಾಡಿ ಹತ್ತಿದ್ದು ದೈವದ ಕಡ್ಸಲೆ, ಅಂದರೆ ದೈವದ ಕತ್ತಿ. ಹೊಸ ಜಾಗದಲ್ಲಿ ಮನೆಗೆ ಮಾಡು ಹಾಕುವ ಮುಂಚೆ ದೈವಕ್ಕೆ ಜಾಗ ನೋಡಿದರಂತೆ. ಗುಡ್ಡದ ಮೇಲೆ ನೀರಿನ ಕಷ್ಟ ಜಾಸ್ತಿ. ಆ ಮಾತು ಬಂದಾಗ ಅಜ್ಜಿಯ ಸ್ವರ ಈಗಲೂ ಬಿಗಿಯಾಗುತ್ತದೆ. ಅದೇ ಬಾಯಲ್ಲಿ, "ಬಂದರು ಆದದ್ದಕ್ಕೆ ನಿನ್ನ ಮಾವನಿಗೆ ಕೆಲಸ ಸಿಕ್ಕಿತು, ಅದನ್ನೂ ಹೇಳಬೇಕು ಮಗಾ" ಎನ್ನುತ್ತಾರೆ.

1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಬಂದರನ್ನು ಉದ್ಘಾಟಿಸಿದ್ದು ಎಲ್ಲರಿಗೂ ಗೊತ್ತು. ಅಜ್ಜಿ ಹೇಳುವಂಥ ಮಾತನ್ನು ಯಾರು ಬರೆದಿಟ್ಟುಕೊಂಡಿದ್ದಾರೆ? ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಮ್ಯೂಸಿಯಂನಲ್ಲಿ ಒಂದು ಕೋಣೆಯಾದರೂ ಈ ಕಥೆಗೆ ಸಿಗಬೇಕು ಎಂದು ನನಗೆ ತುಂಬಾ ಆಸೆ. ಗದ್ದೆ ಬಿಟ್ಟವರು, ಕೆಲಸ ಸಿಕ್ಕವರು, ಇಬ್ಬರೂ ಅಲ್ಲಿರಬೇಕು.

ಆದರೆ ಕೋಣೆ ಸಿಗುವವರೆಗೆ ಕಾಯುವುದು ಬೇಡ. ಆಗ ದೊಡ್ಡವರಾಗಿದ್ದವರೆಲ್ಲ ಈಗ ಎಂಬತ್ತು ದಾಟಿದ್ದಾರೆ. ನಿಮ್ಮ ಮನೆಯ ಹಿರಿಯರ ಎದುರು ಫೋನ್ ಇಟ್ಟು ಕೇಳಿ: ಬಾವಿ ಎಲ್ಲಿತ್ತು, ಪಕ್ಕದ ಮನೆ ಯಾರದು, ನೋಟೀಸು ಬಂದಾಗ ಮನೆಯಲ್ಲಿ ಏನು ಮಾತಾಯಿತು, ಎಷ್ಟು ದುಡ್ಡು ಕೊಟ್ಟರು. ತುಳುವೋ ಬ್ಯಾರಿಯೋ ಕೊಂಕಣಿಯೋ, ಅವರಿಗೆ ಬಂದ ಭಾಷೆಯಲ್ಲೇ ಹೇಳಲಿ. ಪರಿಹಾರದ ಹಳೆಯ ಕಾಗದ ಟ್ರಂಕಿನಲ್ಲಿದ್ದರೆ ಫೋಟೋ ತೆಗೆದಿಡಿ. ನಮ್ಮ ಅಜ್ಜಿಯದ್ದನ್ನು ಈ ಭಾನುವಾರ ಮಾವ ರೆಕಾರ್ಡ್ ಮಾಡುತ್ತಾರೆ.